ಹೆಪ್ಪುಗಟ್ಟಿದ ಕೆರೆಯ ಮೇಲೆ ಕುಡಿದು ಸ್ನೋಮೊಬೈಲ್ ಓಡಿಸಿದರೆ ಕೆನಡಾದ ಒಂಟಾರಿಯೊದಲ್ಲಿ ಏನಾಗುತ್ತೆ?

ಪ್ರಶ್ನೆ – ಮಿಸ್ಸಿಸಾಗಾ ಹುಡುಗ

ಫ್ಯಾಮಿಲಿ ಡೇ ರಜೆಗೆ ಹ್ಯಾಲಿಬರ್ಟನ್ ಕಡೆ ಕಾಟೇಜ್ ಹಿಡಿದಿದ್ದೇವೆ, ಜೊತೆಗೆ ಎರಡು ಸ್ನೋಮೊಬೈಲ್ (ಹಿಮದ ಮೇಲೆ ಓಡೋ ಮೋಟಾರು ಗಾಡಿ) ಬಾಡಿಗೆಗೆ. ಕಾಟೇಜಿನ ಮುಂದೆಯೇ ಕೆರೆ. ರಸ್ತೆಗೆ ಇಳಿಯೋದೇ ಇಲ್ಲವಲ್ಲ, ಮಧ್ಯಾಹ್ನ ಎರಡು ಪೆಗ್ ಹಾಕಿ ಓಡಿಸಿದರೆ ತಪ್ಪಾ? ಕಾರಿನ ಲೈಸೆನ್ಸಿಗೂ ತೊಂದರೆ ಆಗುತ್ತಾ? ನಾವೆಲ್ಲ ಪಿ.ಆರ್. (ಕಾಯಂ ವಾಸದ ಅನುಮತಿ) ಮೇಲಿರುವವರು. ತಿಳಿದವರು ಹೇಳಿ.

ಹಿಮದಾರಿ

ರಸ್ತೆ ಅಲ್ಲ ಅನ್ನೋ ವಾದ ನಿಲ್ಲಲ್ಲ ಸರ್. ಕೆನಡಾದ ಕ್ರಿಮಿನಲ್ ಕೋಡಿನಲ್ಲಿ ಮೈಬಲ ಬಿಟ್ಟು ಬೇರೆ ಯಾವ ಶಕ್ತಿಯಿಂದ ಓಡಿದರೂ ಅದು ಮೋಟಾರು ವಾಹನ. ರೈಲು ಮಾತ್ರ ಬೇರೆ ಲೆಕ್ಕ. ಸ್ನೋಮೊಬೈಲಿಗೂ ಕಾರಿಗೂ ಒಂದೇ ಕಲಂ, 320.14. ಕೆರೆ, ಕಾಡು, ಸ್ವಂತ ಜಮೀನು ಯಾವುದಕ್ಕೂ ವಿನಾಯಿತಿ ಇಲ್ಲ.

ಮಿತಿ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ ಆಲ್ಕೋಹಾಲ್. 2018ರ ಡಿಸೆಂಬರ್ 18ರಿಂದ ಸರಿಯಾಗಿ 80 ಇದ್ದರೂ ಅಪರಾಧವೇ, ಮೊದಲು 80 ದಾಟಬೇಕಿತ್ತು. ಓಡಿಸೋದು ನಿಲ್ಲಿಸಿದ ಎರಡು ಗಂಟೆಯೊಳಗೆ ಅಷ್ಟು ಇದ್ದರೂ ಸಾಕು. ಮೊದಲ ಸಲಕ್ಕೆ ಕನಿಷ್ಠ ದಂಡ 1,000 ಡಾಲರ್. 120 ಮುಟ್ಟಿದರೆ 1,500, 160 ಮುಟ್ಟಿದರೆ 2,000. ಎರಡನೇ ಸಲ ಕನಿಷ್ಠ 30 ದಿನ ಜೈಲು, ಮೂರನೇ ಸಲ 120 ದಿನ.

ಇನ್ನೊಂದು, 'ಓಡಿಸುವುದು' ಅಂದರೆ ಚಲಿಸುತ್ತಿರಲೇಬೇಕು ಅಂತಿಲ್ಲ. ಗಾಡಿ ನಿಮ್ಮ ಹತೋಟಿಯಲ್ಲಿದ್ದರೂ ಅದೇ ಕಲಂ. ಚಾಲಕನ ಸೀಟಿನಲ್ಲಿ ಕೂತವನು ಓಡಿಸುತ್ತಿದ್ದ ಎಂದೇ ಕಾನೂನು ಊಹಿಸಿಕೊಳ್ಳುತ್ತೆ. ಹೊರಡೋ ಉದ್ದೇಶ ಇರಲಿಲ್ಲ ಅಂತ ಸಾಬೀತು ಮಾಡೋ ಹೊರೆ ನಿಮ್ಮದು. ಕುಡಿದಮೇಲೆ ಸ್ಲೆಡ್ (ಸ್ನೋಮೊಬೈಲ್) ಮೇಲೆ ಕೂತು ಫೋಟೊ ತೆಗೆಸಿಕೊಳ್ಳೋದೂ ಬೇಡ.

ಧಾರವಾಡದಾಂವ

ಪೆಗ್ ಲೆಕ್ಕಾನ ಮೊದಲ ತಪ್ಪೈತ್ರಿ. ಇಲ್ಲಿ 'ಒಂದು ಡ್ರಿಂಕ್' ಅಂದ್ರ 13.6 ಗ್ರಾಂ ಆಲ್ಕೋಹಾಲ್: 5% ಬಿಯರ್ 341 ಮಿ.ಲೀ., ಇಲ್ಲಾ 40% ವಿಸ್ಕಿ 43 ಮಿ.ಲೀ. ನಮ್ಮೂರಿನ ಲಾರ್ಜ್ 60 ಮಿ.ಲೀ., ಅದರಾಗ ಹತ್ತತ್ರ 19 ಗ್ರಾಂ. ಅಂದ್ರ ಒಂದು ಲಾರ್ಜ್ ಇಲ್ಲಿನ 1.4 ಡ್ರಿಂಕಿಗೆ ಸಮ. 70 ಕೆ.ಜಿ. ಗಂಡಸು ಮೂರು ಲಾರ್ಜ್ ಹಾಕಿದ್ರ ಅಂದಾಜು 119 ಮಿ.ಗ್ರಾಂ. ಮೈ ಅದನ್ನ ತಾಸಿಗೆ ಸುಮಾರು 15ರಂಗ ಕಳಕೋತೈತಿ. ಎರಡು ತಾಸಿನ ಮ್ಯಾಲೂ 89 ಉಳೀತು, ಕ್ರಿಮಿನಲ್ ಕೇಸ್. ತೂಕ ಕಡಿಮಿ ಇದ್ದವರಿಗೆ, ಹೆಣ್ಣಮಕ್ಕಳಿಗೆ ಇನ್ನೂ ಏರತೈತಿ. ಕಾಫಿ, ಮೊಸರು, ಮಂಜಿನಾಗ ಅಡ್ಡಾಡೂದು, ಯಾವುದೂ ಇಳಸಂಗಿಲ್ಲ.

ಮುಂಜಾನೆ ಎದ್ದ ಮ್ಯಾಲೆ ಸಿಕ್ಕಿಬೀಳೋರು ಇದ್ದಾರ್ರಿ. ರಾತ್ರಿ ಎಂಟರಿಂದ ಹನ್ನೆರಡರತನಕ ಅದ ಮನಿಷಾ ಎಂಟು ಡ್ರಿಂಕ್ ತಗೊಂಡ್ರ ಮುಂಜಾನೆ ಎಂಟಕ್ಕ ಇನ್ನೂ 50ರ ಹತ್ರ ಇರ್ತಾನ. ಇದೆಲ್ಲಾ ಸರಾಸರಿ ಲೆಕ್ಕ. ಇದನ್ನ ನಂಬಿ 'ನಂದು 78 ಅದ' ಅಂತ ಹೊರಡಬ್ಯಾಡ್ರಿ.

ಕಾವೇರಿ ತೀರ

50ರ ಹತ್ರ ಅಂದರೂ ಪಾರಾದಿರಿ ಅಂತಲ್ಲ. ಒಂಟಾರಿಯೊದಲ್ಲಿ 50ರಿಂದ 80ರೊಳಗೆ ಪ್ರಾಂತ್ಯದ್ದೇ ಬೇರೆ ಶಿಕ್ಷೆ ಇದೆ, ಸ್ನೋಮೊಬೈಲಿಗೂ ಸೇರಿ. ಮೊದಲ ಸಲ ಸ್ಥಳದಲ್ಲೇ 7 ದಿನ ಲೈಸೆನ್ಸ್ ಅಮಾನತು (2025ರ ಕೊನೆವರೆಗೆ 3 ದಿನ ಇತ್ತು), ಮೇಲೆ 250 ಡಾಲರ್. 80 ಮುಟ್ಟಿದರೆ ಕೋರ್ಟಿಗೆ ಹೋಗೋ ಮೊದಲೇ 90 ದಿನ ಹೋಯಿತು. ತಪ್ಪಿತಸ್ಥ ಅಂತ ತೀರ್ಪಾದರೆ ಕನಿಷ್ಠ ಒಂದು ವರ್ಷ. ನೀವು ಕೇಳಿದ್ದಕ್ಕೆ ಉತ್ತರ ಇದೇ. ಹೋಗೋದು ದಿನಾ ಆಫೀಸಿಗೆ ಕಾರು ಓಡಿಸೋ ಲೈಸೆನ್ಸೇ.

ಒ.ಪಿ.ಪಿ. (ಒಂಟಾರಿಯೊ ಪ್ರಾಂತ್ಯದ) ಪೊಲೀಸರು ಟ್ರೇಲುಗಳಲ್ಲೂ ಕೆರೆಗಳ ಮೇಲೂ ಸ್ಲೆಡ್ಡಿನಲ್ಲೇ ಗಸ್ತು ಹೊಡೀತಾರೆ. ಕಾನೂನುಬದ್ಧವಾಗಿ ತಡೆದ ಮೇಲೆ, ಊದಿಸೋ ಯಂತ್ರ ಅವರ ಕೈಯಲ್ಲಿದ್ದರೆ, ನೀವು ಕುಡಿದಿದ್ದೀರಿ ಅನ್ನೋ ಅನುಮಾನವೂ ಬೇಕಿಲ್ಲ, ಊದಿ ಅನ್ನಬಹುದು. ಆ ಹಂತದಲ್ಲಿ ಲಾಯರಿಗೆ ಫೋನ್ ಮಾಡಿ ಬರ್ತೀನಿ ಅನ್ನೋ ಹಾಗಿಲ್ಲ. 'ಅಲರ್ಟ್' ಅಂತ ತೋರಿಸಿದರೆ 50ರಿಂದ 99, 'ಫೇಲ್' ಅಂದರೆ 100 ಅಥವಾ ಹೆಚ್ಚು. ಫೇಲ್ ಆದರೆ ಠಾಣೆ. ಅಲ್ಲಿ ಲಾಯರ್ ಜೊತೆ ಮಾತಾಡೋ ಹಕ್ಕಿದೆ, ಬಳಸಿಕೊಳ್ಳಿ. ಆಮೇಲೆ ದೊಡ್ಡ ಯಂತ್ರದಲ್ಲಿ ಕನಿಷ್ಠ 15 ನಿಮಿಷ ಅಂತರದಲ್ಲಿ ಎರಡು ಸಲ ಊದಿಸ್ತಾರೆ. ಎರಡಕ್ಕೂ 20ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು, ಕಡಿಮೆ ಬಂದದ್ದು ಲೆಕ್ಕಕ್ಕೆ. ಊದಲ್ಲ ಅಂದರೆ ಅದೇ ಒಂದು ಅಪರಾಧ, ದಂಡ 2,000ದಿಂದಲೇ ಶುರು. ಜಾಣತನ ಅಂದುಕೊಂಡು ಮಾಡೋ ದುಬಾರಿ ತಪ್ಪು ಇದು.

ಹಿಮದಾರಿ

'ಖಾಸಗಿ ಜಾಗದಲ್ಲಿ ಪೊಲೀಸ್ ತಡೆಯೋ ಹಾಗಿಲ್ಲ, ಸುಪ್ರೀಂ ಕೋರ್ಟೇ ಹೇಳಿದೆ' ಅಂತ ಯಾರಾದರೂ ಹೇಳಿದರೆ ಪೂರ್ತಿ ಕೇಳಿ. 2023ರ ಆ ತೀರ್ಪು ಒಂಟಾರಿಯೊದ್ದೇ, ಸವಾರ ಎ.ಟಿ.ವಿ. (ಕಚ್ಚಾ ದಾರಿಯ ನಾಲ್ಕು ಚಕ್ರದ ಗಾಡಿ) ಮೇಲಿದ್ದ. ಮನೆಯ ಡ್ರೈವ್‌ವೇಯಲ್ಲಿ ಹಾಗೆ ಸುಮ್ಮನೆ ತಡೆದು ಪರೀಕ್ಷೆ ಮಾಡೋ ಅಧಿಕಾರ ಪೊಲೀಸರಿಗೆ ಇರಲಿಲ್ಲ ಅಂತ ಕೋರ್ಟ್ ಹೇಳಿದ್ದು ನಿಜ. ಆದರೆ ಸಾಕ್ಷ್ಯವನ್ನು ತಳ್ಳಿಹಾಕಲಿಲ್ಲ, ಶಿಕ್ಷೆ ಉಳೀತು.

ಮಲೆನಾಡಿಗ

ಪಿ.ಆರ್. ವಿಷಯ ಯಾರೂ ಮುಟ್ಟಲಿಲ್ಲ. ನನ್ನ ಪ್ರಕಾರ ನಿಮಗೆ ದಂಡಕ್ಕಿಂತ ಹತ್ತು ಪಟ್ಟು ದೊಡ್ಡ ತಲೆನೋವು ಅದು. 2018ರ ಅದೇ ತಿದ್ದುಪಡಿ ಈ ಅಪರಾಧದ ಗರಿಷ್ಠ ಶಿಕ್ಷೆಯನ್ನು 5 ವರ್ಷದಿಂದ 10ಕ್ಕೆ ಏರಿಸಿತು. ಗರಿಷ್ಠ 10 ವರ್ಷ ಇರುವ ಅಪರಾಧಕ್ಕೆ ಕೆನಡಾದಲ್ಲಿ ಶಿಕ್ಷೆಯಾದರೆ ವಲಸೆ ಕಾನೂನಿನಲ್ಲಿ ಅದು 'ಸೀರಿಯಸ್ ಕ್ರಿಮಿನಾಲಿಟಿ'. ನಿಮಗೆ ಬಿದ್ದದ್ದು ಬರೀ 1,000 ಡಾಲರ್ ದಂಡ ಅನ್ನೋದು ಅಲ್ಲಿ ಮುಖ್ಯ ಅಲ್ಲ, ಗರಿಷ್ಠ ಎಷ್ಟು ಅನ್ನೋದೇ ಮುಖ್ಯ. ಪಿ.ಆರ್., ವರ್ಕ್ ಪರ್ಮಿಟ್, ಸ್ಟುಡೆಂಟ್ ಯಾರೇ ಆದರೂ ದೇಶದಲ್ಲಿ ಉಳಿಯೋ ಹಕ್ಕಿಗೇ ಕುತ್ತು. ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿದ್ದರೆ, ಕೇಸು ಮುಗಿಯೋವರೆಗೂ ಪ್ರಮಾಣವಚನ ತಗೊಳ್ಳೋ ಹಾಗಿಲ್ಲ.

ಹಾಗೇನಾದರೂ ಕೇಸು ಬಿದ್ದರೆ, ದಂಡ ಕಟ್ಟಿ ಕೈತೊಳೆದುಕೊಳ್ಳೋಣ ಅಂತ ತಪ್ಪೊಪ್ಪಿಕೊಳ್ಳೋ ಮುಂಚೆ ಕ್ರಿಮಿನಲ್ ಲಾಯರ್ ಜೊತೆ ವಲಸೆ ಲಾಯರನ್ನೂ ಕೂರಿಸಿ ಮಾತಾಡಿ.

ಪ್ರಶ್ನೆ ಕೇಳಿದವರು

ಅಬ್ಬಾ, ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಎರಡು ಸಣ್ಣ ಸಂದೇಹ. ಮಿನ್ನೆಸೋಟಾದಿಂದ ಭಾವ ಬರ್ತಿದ್ದಾರೆ, 'ನಮ್ಮಲ್ಲಿ ಸ್ಲೆಡ್ ಕೇಸು ಕಾರಿನ ಲೈಸೆನ್ಸಿಗೆ ತಟ್ಟಲ್ಲ' ಅಂತಾರೆ. ಮತ್ತೆ, ಮೀನು ಹಿಡಿಯೋ ಐಸ್ ಹಟ್‌ಗೆ ಸ್ಲೆಡ್ ಮೇಲೆ ಬಾಟಲಿ ಒಯ್ಯಬಹುದಾ?

ಕಾವೇರಿ ತೀರ

ನಿಮ್ಮ ಭಾವನ ಮಾತು ಹಳೇದಾಯಿತು. ಅಲ್ಲಿ 2018ರ ಜನವರಿಯಲ್ಲಿ ಚಿಸಾಗೊ ಕೆರೆಯ ಮೇಲೆ ಕುಡಿದವನ ಸ್ಲೆಡ್ ಬಡಿದು 8 ವರ್ಷದ ಹುಡುಗ ತೀರಿಕೊಂಡ. ಆ ವರ್ಷದ ಆಗಸ್ಟ್ 1ರಿಂದ ಕಾರಿರಲಿ, ಸ್ಲೆಡ್ ಇರಲಿ, ದೋಣಿ ಇರಲಿ, ಒಂದರಲ್ಲಿ ಕುಡಿದು ಸಿಕ್ಕಿ ಶಿಕ್ಷೆಯಾದರೆ ಎಲ್ಲವನ್ನೂ ಓಡಿಸೋ ಹಕ್ಕು ಹೋಗುತ್ತೆ.

ಬಾಟಲಿ ಒಯ್ಯಬಹುದು, ಸೀಲ್ ಒಡೆದಿರಬಾರದು. ಒಡೆದದ್ದಾದರೆ ಬಾಯಿ ಭದ್ರವಾಗಿ ಕಟ್ಟಿದ ಬ್ಯಾಗಿನೊಳಗೆ, ಸುಲಭವಾಗಿ ಕೈಗೆ ಎಟುಕದ ಹಾಗೆ. ಜಾಕೆಟ್ ಜೇಬಿನ ಫ್ಲಾಸ್ಕಿಗೂ ಹ್ಯಾಂಡಲಿನ ಕಪ್ ಹೋಲ್ಡರಿಗೂ ದಂಡ ಬೀಳುತ್ತೆ. ಆದರೆ ಹಟ್‌ನಲ್ಲಿ ಕುಡಿದರೆ ವಾಪಸ್ ಬರೋದು ಹೇಗೆ? ಕುಡಿಯದವರು ಒಬ್ಬರು ಇರಬೇಕು, ಅವರು ಪ್ರತಿ ಸ್ಲೆಡ್ಡಿಗೂ ಬೇಕು. ನಿಮ್ಮದು ಎರಡು ಸ್ಲೆಡ್, ಹಾಗಾಗಿ ಇಬ್ಬರು. ಸಿಗದಿದ್ದರೆ ಸಂಜೆ ಸ್ಲೆಡ್ ನಿಲ್ಲಿಸಿ, ಕೀಲಿ ಕುಡಿಯದವರ ಕೈಗೆ ಕೊಟ್ಟಮೇಲೆ ಕಾಟೇಜಿನಲ್ಲೇ ಬಾಟಲಿ ತೆಗೀರಿ.

ಧಾರವಾಡದಾಂವ

ಗಾಂಜಾ ಇಲ್ಲಿ ಕಾನೂನುಬದ್ಧ ಅಂತ ಅದನ್ನೂ ಜೋಡಿಸಬ್ಯಾಡ್ರಿ ಮತ್ತ. ಎರಡೂ ಕೂಡಿದ್ರ ಮಿತಿ 80 ಅಲ್ಲ. ರಕ್ತದಾಗ ಮಿ.ಲೀ.ಗೆ 2.5 ನ್ಯಾನೊಗ್ರಾಂ ಟಿ.ಎಚ್.ಸಿ. (ಗಾಂಜಾದಾಗಿನ ಅಮಲಿನ ಅಂಶ) ಇದ್ರ ಆಲ್ಕೋಹಾಲ್ ಬರೇ 50ಕ್ಕ ಕೇಸ್ ಆಗತೈತಿ.