ಹೊಸ ಅನಿಮೋನ್ ಒಂದು ಕಡೆ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ನಮಸ್ಕಾರ. ಮೊನ್ನೆ ಒಂದು ಬಬಲ್ ಟಿಪ್ ಅನಿಮೋನ್ (ಕಲ್ಲಿಗೆ ಪಾದ ಅಂಟಿಸಿಕೊಂಡು ಹೂವಿನ ಹಾಗೆ ತೋಳು ಚಾಚುವ ಕಡಲ ಜೀವಿ) ತಂದೆ. ಉಪ್ಪುನೀರಿನ ಟ್ಯಾಂಕ್ 200 ಲೀಟರ್‌ದು, ಶುರುವಾಗಿ ವರ್ಷ ಆಗುತ್ತಾ ಬಂತು. ಎರಡು ಕ್ಲೌನ್‌ಫಿಶ್ (ಅನಿಮೋನ್ ತೋಳುಗಳ ನಡುವೆ ವಾಸಿಸುವ ಮೀನು) ಇವೆ. ಚೆನ್ನಾಗಿ ಕಾಣಲಿ ಅಂತ ಅನಿಮೋನನ್ನು ಮುಂದಿನ ಕಲ್ಲಿನ ಮೇಲೆ ಕೂರಿಸಿದೆ. ಬೆಳಗಾಗುವಷ್ಟರಲ್ಲಿ ಹಿಂದಿನ ಗಾಜಿಗೆ ಹೋಗಿ ಅಂಟಿಕೊಂಡಿತ್ತು. ಬಿಡಿಸಿ ವಾಪಸ್ ಕೂರಿಸಿದರೆ ಮತ್ತೆ ಹೊರಟಿತು. ಈಗ ಮುದುಡಿ ನಿಂಬೆಹಣ್ಣಿನಷ್ಟಾಗಿದೆ. ಬಾಯಿಂದ ಕಂದು ದಾರದಂಥದ್ದು ಬರುತ್ತಿದೆ. ಸಾಯುತ್ತಿದೆಯಾ? ತಿನ್ನೋಕೆ ಏನಾದರೂ ಕೊಡಲಾ?

ಉತ್ತರ: ಮೊದಲು ಕೈ ಟ್ಯಾಂಕಿನಿಂದ ಆಚೆ ತೆಗೆಯಿರಿ. ಊಟದ ಮಾತು ಆಮೇಲೆ.

ಅನಿಮೋನ್ ಎಲ್ಲಿ ಕೂರಬೇಕು ಅನ್ನೋದು ನಮ್ಮ ಕೈಲಿಲ್ಲ. ಬಬಲ್ ಟಿಪ್‌ಗೆ ಬೇಕಾದ್ದು ಕಲ್ಲಿನ ಸಂದು. ಪಾದ ಒಳಗೆ ಭದ್ರವಾಗಿ ಕೂರಬೇಕು, ತೋಳುಗಳು ಹೊರಗೆ ಬೆಳಕಿಗೆ ಚಾಚಬೇಕು, ಹೆದರಿದರೆ ಸರ್ರಂತ ಒಳಗೆ ಸೇದಿಕೊಳ್ಳೋಕೆ ಆಗಬೇಕು. ನೀವು ಕೂರಿಸಿದ ಕಲ್ಲು ಬಯಲಾಗಿದ್ದರೆ ಅದು ಹೊರಟೇ ಹೊರಡುತ್ತದೆ. ಗಾಜಿನಿಂದ ಬಿಡಿಸುವಾಗ ಪಾದ ಹರಿಯುವ ಅಪಾಯ ಇದೆ. ಹರಿದ ಪಾದಕ್ಕೆ ಸೋಂಕು ತಗುಲಿದರೆ ಉಳಿಸುವುದು ತುಂಬಾ ಕಷ್ಟ. ಹಾಗಾಗಿ ಇನ್ನು ಮುಟ್ಟಬೇಡಿ.

ಮುದುಡಿದ್ದಕ್ಕೆ ಗಾಬರಿ ಬೇಡ. ಅದರ ಮೈ ಉಬ್ಬಿ ನಿಲ್ಲುವುದೇ ಒಳಗೆ ತುಂಬಿಕೊಂಡ ನೀರಿನಿಂದ. ಹಳೆ ನೀರು ಹೊರಗೆ ಬಿಟ್ಟಾಗ ಕುಗ್ಗುತ್ತದೆ, ಹೊಸದು ತುಂಬಿಕೊಂಡಾಗ ಅರಳುತ್ತದೆ. ತಿನ್ನೋದಕ್ಕೂ ಕಸ ಹೊರಹಾಕೋದಕ್ಕೂ ಇರೋದು ಒಂದೇ ಬಾಯಿ. ಆ ಕಂದು ದಾರ ಒಂದೋ ಕಸ, ಇಲ್ಲ ಅದರ ಮೈಯೊಳಗೆ ವಾಸಿಸುವ ಪಾಚಿ. ಜಾಗ ಬದಲಾದ ಒತ್ತಡದಲ್ಲಿ ಸ್ವಲ್ಪ ಪಾಚಿ ಉಗುಳುವುದು ಮಾಮೂಲಿ.

ನೋಡಬೇಕಾದ್ದು ಬಾಯಿ ಮತ್ತು ಪಾದ. ಲೈಟ್ ಹಾಕಿದಾಗ ಮೇಲಿನಿಂದ ಬಗ್ಗಿ ನೋಡಿ. ತೋಳುಗಳ ನಡುವೆ ಬಾಯಿ ಒಂದು ಸಣ್ಣ ಗೆರೆಯ ಹಾಗೆ ಬಿಗಿಯಾಗಿ ಮುಚ್ಚಿದ್ದರೆ, ಪಾದ ಹಿಡಿದುಕೊಂಡಿದ್ದರೆ, ಸುಮ್ನೆ ಬಿಡಿ. ಬಾಯಿ ಅಗಲವಾಗಿ ತೆರೆದು ಹಾಗೇ ಇದ್ದು, ಒಳಗಿನದು ಹೊರಗೆ ಬಂದು, ಪಾದ ಸಡಿಲವಾಗಿ ನೀರಲ್ಲಿ ಹೊರಳಾಡುತ್ತಿದ್ದರೆ ಕಷ್ಟ ಇದೆ ಅಂತ. ಮೈ ಲೋಳೆಯಾಗಿ ಕರಗುತ್ತಾ ಕೊಳೆತ ವಾಸನೆ ಬಂದರೆ ತಕ್ಷಣ ತೆಗೆದುಬಿಡಿ. ಅಂಥದ್ದು ಟ್ಯಾಂಕಿನಲ್ಲೇ ಕೊಳೆತರೆ ಅಮೋನಿಯಾ ಏರಿ ಮೀನುಗಳೂ ಹೋಗುತ್ತವೆ.

ಈಗಲೇ ಮಾಡಬೇಕಾದ ಕೆಲಸ ಒಂದಿದೆ. ಪವರ್‌ಹೆಡ್‌ನ (ಟ್ಯಾಂಕಿನೊಳಗೆ ನೀರು ಹರಿಸುವ ಪಂಪಿನ) ನೀರು ಎಳೆಯುವ ಬಾಯಿಗೆ ಸ್ಪಂಜು ಇಲ್ಲವೇ ಜಾಲರಿ ಕಟ್ಟಿ. ಹೀಟರ್‌ಗೂ ಕವಚ ಹಾಕಿ. ಅಲೆದಾಡುವ ಅನಿಮೋನ್ ರಾತ್ರಿ ಪಂಪಿಗೆ ಸಿಕ್ಕಿದರೆ ಬೆಳಗ್ಗೆ ಟ್ಯಾಂಕ್ ತುಂಬಾ ಅದರ ಚೂರುಗಳೇ. ಸ್ಪಂಜು ಆಗಾಗ ತೊಳೆಯುತ್ತಿರಿ, ಕಟ್ಟಿಕೊಂಡರೆ ನೀರಿನ ಹರಿವು ನಿಂತುಹೋಗುತ್ತದೆ.

ಊಟ ಒಂದು ವಾರ ಬೇಡ. ನೆಲೆ ನಿಂತು ಅರಳಿದ ಮೇಲೆ ಅರ್ಧ ಸೆಂಟಿಮೀಟರ್‌ನಷ್ಟು ಸಿಗಡಿ ಚೂರು ವಾರಕ್ಕೊಮ್ಮೆ ಸಾಕು. ದೊಡ್ಡ ತುಂಡು ಕೊಟ್ಟರೆ ನುಂಗುತ್ತದೆ, ಆಮೇಲೆ ಕಕ್ಕುತ್ತದೆ.

ನೀರಿನ ಲೆಕ್ಕ ಎಷ್ಟಿದೆ, ಹೇಳಿಲ್ವಲ್ಲ?

ಪ್ರಶ್ನೆ ಕೇಳಿದವರು: ಅಮೋನಿಯಾ, ನೈಟ್ರೈಟ್ ಸೊನ್ನೆ. ನೈಟ್ರೇಟ್ 10 ಪಿಪಿಎಂ. ಬಿಸಿ 26 ಡಿಗ್ರಿ. ನೀರಿನ ಸಾಂದ್ರತೆ (ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ) ಒಂದು ದಿನ 1.023, ಇನ್ನೊಂದು ದಿನ 1.027 ತೋರಿಸುತ್ತದೆ. ಆವಿಯಾಗಿ ಕಮ್ಮಿಯಾದಷ್ಟು ಉಪ್ಪುನೀರು ಬೆರೆಸಿ ಹಾಕುತ್ತಿದ್ದೇನೆ.

ಉತ್ತರ: ಅಲ್ಲೇ ಇದೆ ನೋಡಿ. ಆವಿಯಾಗೋದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಮತ್ತೆ ಉಪ್ಪುನೀರೇ ಸುರಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ಕಮ್ಮಿಯಾದಷ್ಟು ಆರ್‌ಒ ಸಿಹಿನೀರು ಹಾಕಿ, ದಿನಾ ಸ್ವಲ್ಪ ಸ್ವಲ್ಪ. ಉಪ್ಪುನೀರು ಬೇಕಾಗೋದು ಹಳೆ ನೀರು ತೆಗೆದು ಬದಲಾಯಿಸುವಾಗ ಮಾತ್ರ. ಗುರಿ 1.025ರಿಂದ 1.026. ಅಳೆಯೋದು ಮುಳ್ಳು ತೂಗುವ ಪ್ಲಾಸ್ಟಿಕ್ ಹೈಡ್ರೋಮೀಟರಿನಲ್ಲಿ ಆದರೆ ನಂಬಬೇಡಿ, ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಒಳ್ಳೆಯದು. ಮೀನು ಇಂಥ ಏರಿಳಿತ ತಡೆದುಕೊಂಡೀತು, ಅನಿಮೋನ್ ತಡೆಯಲ್ಲ. ಹಾಗಂತ ಒಂದೇ ದಿನಕ್ಕೆ ಸರಿಮಾಡೋಕೆ ಹೋಗಬೇಡಿ, ನಿಧಾನವಾಗಿ ತನ್ನಿ.

ಇನ್ನೊಬ್ಬ ಸದಸ್ಯರು: ಸರ್, ನಾನೂ ನಾಳೆ ಒಂದು ತರೋಣ ಅಂತಿದ್ದೇನೆ. ಟ್ಯಾಂಕ್‌ಗೆ ಎರಡು ತಿಂಗಳು. ಹೇಗೆ ಬಿಡಬೇಕು?

ಉತ್ತರ: ನಾಳೆ ತರಬೇಡಿ. ಕನಿಷ್ಠ ಆರು ತಿಂಗಳಾದರೂ ಟ್ಯಾಂಕ್ ಹಳತಾಗಲಿ. ಮೀನಿನ ಕಾಯಿಲೆಗೆ ಅಂತ ಆ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಿದ್ದೀರಾ? ಹಾಕಿದ್ದರೆ ಅನಿಮೋನ್ ಆಸೆಯನ್ನೇ ಬಿಡಿ. ಕಲ್ಲು, ಮರಳು ತಾಮ್ರ ಹೀರಿಕೊಂಡು ಆಮೇಲೆ ನೀರಿಗೆ ಬಿಡುತ್ತಿರುತ್ತವೆ.

ಮುಂದೆ ತಂದಾಗ ಚೀಲವನ್ನು 20 ನಿಮಿಷ ತೇಲಿಬಿಡಿ, ಬಿಸಿ ಸಮ ಆಗಲಿ. ಆಮೇಲೆ ಏರ್‌ಲೈನ್ ಟ್ಯೂಬಿಗೆ (ಗಾಳಿ ಪಂಪಿನ ಸಣ್ಣ ಕೊಳವೆಗೆ) ಸಡಿಲವಾಗಿ ಗಂಟು ಹಾಕಿ, ಟ್ಯಾಂಕ್ ನೀರು ಚೀಲದೊಳಗೆ ಹನಿಹನಿಯಾಗಿ ಒಂದು ಗಂಟೆ ಬೀಳಲಿ. ಚೀಲದ ನೀರು ಟ್ಯಾಂಕಿಗೆ ಹೋಗಬಾರದು. ಪಂಪ್ ಸ್ವಲ್ಪ ಹೊತ್ತು ನಿಲ್ಲಿಸಿ, ಸಂದಿನ ಹತ್ತಿರ ಇಟ್ಟು ಪಾದ ಹಿಡಿಯೋವರೆಗೆ ಕಾಯಿರಿ. ನಿಮ್ಮ ಲೈಟ್ ಅಂಗಡಿಯದಕ್ಕಿಂತ ಜೋರಿದ್ದರೆ ಕಮ್ಮಿಯಿಂದ ಶುರುಮಾಡಿ ಎರಡು ಮೂರು ವಾರದಲ್ಲಿ ಏರಿಸಿ. ಇನ್ನೊಂದು ಮಾತು, ಹಾಲಿನ ಹಾಗೆ ಬಿಳುಪಾಗಿರೋದನ್ನು ಚೆಂದ ಅಂತ ಆರಿಸಬೇಡಿ. ಅದು ಪಾಚಿ ಕಳೆದುಕೊಂಡು ಸೊರಗಿದ್ದು.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಕ್ಲೌನ್‌ಫಿಶ್ ಅದರ ಹತ್ತಿರವೂ ಸುಳಿಯುತ್ತಿಲ್ಲ. ತೊಂದರೆಯಾ?

ಉತ್ತರ: ಈಗ ಸುಳಿಯದಿದ್ದರೇ ಒಳ್ಳೇದು. ಬೇರೂರದ ಅನಿಮೋನ್ ಮೇಲೆ ದೊಡ್ಡ ಕ್ಲೌನ್ ಹೊರಳಾಡಿದರೆ ಅದು ಅರಳೋದೇ ಇಲ್ಲ. ನಿಮ್ಮವು ಆಸೆಲ್ಲಾರಿಸ್ ಜಾತಿಯಾದರೆ, ಕಡಲಿನಲ್ಲಿ ಅವು ಬಬಲ್ ಟಿಪ್‌ನಲ್ಲಿ ಇರುವಂಥವಲ್ಲ. ಟ್ಯಾಂಕಿನಲ್ಲಿ ಕೆಲವು ಒಪ್ಪಿಕೊಳ್ಳುತ್ತವೆ, ಕೆಲವು ಜನ್ಮದಲ್ಲಿ ತಿರುಗಿ ನೋಡಲ್ಲ. ಮರೂನ್ ಕ್ಲೌನ್ ಆದರೆ ಅದಕ್ಕೆ ಬಬಲ್ ಟಿಪ್ಪೇ ಮನೆ. ಕ್ಲೌನ್ ಇಲ್ಲದಿದ್ದರೂ ಅನಿಮೋನ್ ಆರಾಮಾಗಿ ಬದುಕುತ್ತದೆ.

ಪ್ರಶ್ನೆ ಕೇಳಿದವರು (ಕೆಲ ದಿನಗಳ ನಂತರ): ಸರ್, ಅರಳಿದೆ! ಆದರೆ ದೊಡ್ಡ ಕಲ್ಲಿನ ಹಿಂದಿನ ಸಂದಿನಲ್ಲಿ ಕೂತಿದೆ. ಮುಂದಿನಿಂದ ನಾಲ್ಕು ತೋಳಷ್ಟೇ ಕಾಣುತ್ತವೆ.

ಉತ್ತರ: ಅಲ್ಲೇ ಇರಲಿ. ತಿಂಗಳಾದ ಮೇಲೂ ಅಲ್ಲೇ ಇದ್ದರೆ ಅನಿಮೋನ್ ಮುಟ್ಟದೆ ಇಡೀ ಕಲ್ಲನ್ನೇ ಮೆಲ್ಲಗೆ ಮುಂದಕ್ಕೆ ತಿರುಗಿಸಿ. ಹತ್ತಿರದಲ್ಲಿ ಕೋರಲ್ (ಹವಳ) ಇದ್ದರೆ ಮೊದಲೇ ದೂರ ಇಡಿ, ಅನಿಮೋನ್ ತೋಳು ತಾಗಿದರೆ ಕುಟುಕಿ ಸುಟ್ಟುಹಾಕುತ್ತದೆ. ನೀವೂ ಕೈಗವಸು ಹಾಕಿಕೊಳ್ಳಿ.