ಅಕ್ರೆಡಿಟೇಶನ್ ಫೈಲ್‌ಗೆ ತಿಂಗಳ ಚಾರ್ಟ್ ಇಟ್ಟರೆ ಸಾಕಾ?

ಅಂಕಿಅಂಶ:
ಅಮೆರಿಕದ ಒಂದು ಸಣ್ಣ ಪೊಲೀಸ್ ಇಲಾಖೆಯಲ್ಲಿ ಕ್ರೈಮ್ ಅನಾಲಿಸ್ಟ್ ಆಗಿದ್ದೇನೆ. ಇಲಾಖೆ ಈಗ ಕಲೀಯಾ (CALEA, ಪೊಲೀಸ್ ಇಲಾಖೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಸಂಸ್ಥೆ) ಅಕ್ರೆಡಿಟೇಶನ್‌ಗೆ ತಯಾರಾಗುತ್ತಿದೆ. ಕಳ್ಳತನ ಎಷ್ಟು, ಹಲ್ಲೆ ಎಷ್ಟು ಅಂತ ಪ್ರತಿ ತಿಂಗಳು ಚಾರ್ಟ್ ಮಾಡಿ ಕಳಿಸುತ್ತೇನೆ, ಅದನ್ನೇ ಫೈಲ್‌ಗೆ ಹಾಕಿದರೆ ಆಯಿತು ಅನ್ನುತ್ತಾರೆ. ಗಸ್ತಿಗೆ ಹೋಗುವವರು ಯಾರೂ ಅದನ್ನು ನೋಡುವುದಿಲ್ಲ. ಇದಕ್ಕೆ ಅನಾಲಿಸಿಸ್ ಅಂತ ಹೆಸರು ಕೊಡೋದು ಸರೀನಾ?

ಹಳೇಬೀಟ್:
ಕಲೀಯಾ ಶುರುವಾಗಿದ್ದು 1979ರಲ್ಲಿ, ಪೊಲೀಸ್ ಮುಖ್ಯಸ್ಥರ ಮತ್ತು ಶೆರಿಫ್‌ಗಳ ಸಂಘಗಳೂ ಸೇರಿ ನಾಲ್ಕು ಸಂಘಟನೆಗಳು ಕಟ್ಟಿದ್ದು. ಸೇರಲೇಬೇಕು ಅಂತೇನೂ ಇಲ್ಲ. ಅವರು ಮುಖ್ಯವಾಗಿ ನೋಡೋದು ಬರೆದಿಟ್ಟ ನಿಯಮ ಇದೆಯಾ, ಅದರಂತೆ ನಡೆದಿದ್ದಕ್ಕೆ ಪುರಾವೆ ಇದೆಯಾ ಅಂತ. ಅಪರಾಧ ಕಡಿಮೆ ಆಯ್ತಾ ಅನ್ನೋದು ಬೇರೆ ಪ್ರಶ್ನೆ, ಅದನ್ನು ಸರ್ಟಿಫಿಕೇಟ್ ಹೇಳಲ್ಲ.

ನಕ್ಷೆಮನೆ:
ಎಣಿಕೆ ಬೇರೆ, ಅನಾಲಿಸಿಸ್ ಬೇರೆ. 'ಈ ತಿಂಗಳು ಮನೆಗಳ್ಳತನ ಜಾಸ್ತಿ' ಅಂದರೆ ಗಸ್ತಿಯವರು ಏನು ಮಾಡಬೇಕು? ಅದೇ ಕಳ್ಳತನಗಳೆಲ್ಲ ಕೆಲಸದ ದಿನ ಮಧ್ಯಾಹ್ನ, ಹಿಂಬಾಗಿಲು ಮುರಿದು, ಎರಡು ಮೂರು ಬೀದಿಯೊಳಗೆ ಆಗಿವೆ ಅಂತ ತೋರಿಸಿ. ಒಂದು ಮನೆಗೆ ಕಳ್ಳರು ನುಗ್ಗಿದ ಮೇಲೆ ಮುಂದಿನ ಕೆಲವು ದಿನ ಅಕ್ಕಪಕ್ಕದ ಮನೆಗಳಿಗೂ ಅಪಾಯ ಹೆಚ್ಚು ಅನ್ನೋದು ಎಷ್ಟೋ ಊರುಗಳಲ್ಲಿ ಕಂಡುಬಂದಿದೆ, ಹಾಗಾಗಿ ತಿಂಗಳ ಕೊನೆಯ ಚಾರ್ಟ್ ಬರುವಷ್ಟರಲ್ಲಿ ಸಮಯ ಮೀರಿರುತ್ತದೆ. ಒಂದೇ ಪುಟದ ಬುಲೆಟಿನ್ ಮಾಡಿ, ಶಿಫ್ಟ್ ಬ್ರೀಫಿಂಗ್‌ಗೆ ಮೊದಲೇ ಸಾರ್ಜೆಂಟ್ ಕೈಗೆ ಕೊಡಿ. ಆಮೇಲೆ ಅವರೇನು ಮಾಡಿದರು, ಏನು ಬದಲಾಯಿತು, ಕಳ್ಳತನ ಪಕ್ಕದ ಬೀದಿಗೆ ಸರಿಯಿತಾ ಅಂತ ನೋಡಿ ಬರೆದಿಡಿ. ಪುರಾವೆ ಅಂದರೆ ಅದು.

ಹಳೇಬೀಟ್:
ಒಪ್ಪಿದೆ. 1994ರಲ್ಲಿ ನ್ಯೂಯಾರ್ಕ್ ಪೊಲೀಸರು ಕಾಂಪ್‌ಸ್ಟಾಟ್ (ಅಪರಾಧದ ಅಂಕಿಅಂಶ, ನಕ್ಷೆ ಇಟ್ಟುಕೊಂಡು ಸಭೆ ನಡೆಸೋ ಪದ್ಧತಿ) ಶುರು ಮಾಡಿದಾಗಲೂ ಬಲ ಇದ್ದಿದ್ದು ಬರೀ ನಕ್ಷೆಯಲ್ಲಲ್ಲ, ಅದನ್ನು ಮುಂದಿಟ್ಟು ಆಯಾ ಠಾಣೆಯ ಕಮಾಂಡರ್‌ನ 'ಇದಕ್ಕೆ ಏನು ಮಾಡಿದಿರಿ' ಅಂತ ಕೇಳೋದರಲ್ಲಿ. ಆದರೆ ಸಂಖ್ಯೆ ಇಳಿಸಲೇಬೇಕು ಅನ್ನೋ ಒತ್ತಡ ಬಂದರೆ ದೊಡ್ಡ ಅಪರಾಧವನ್ನು ಚಿಕ್ಕದು ಅಂತ ದಾಖಲಿಸೋ ಚಾಳಿ ಹುಟ್ಟುತ್ತದೆ. ದೂರಿನ ವಿವರ ಮತ್ತು ಅದಕ್ಕೆ ಹಾಕಿದ ಅಪರಾಧದ ಕೋಡ್ ಹೊಂದುತ್ತವಾ ಅಂತ ಆಗಾಗ ನೀವೇ ತಾಳೆ ನೋಡಿ.

ಅಂಕಿಅಂಶ:
ಬುಲೆಟಿನ್ ಕೆಳಗೆ 'ಏನು ಕ್ರಮ ತಗೊಂಡಿರಿ' ಅಂತ ಜಾಗ ಬಿಟ್ಟರೆ ಸಾರ್ಜೆಂಟ್‌ಗಳು ತುಂಬುತ್ತಾರಾ?

ನಕ್ಷೆಮನೆ:
ಕಷ್ಟ, ಅವರಿಗೆ ಈಗಲೇ ಬರೆಯೋ ಕೆಲಸ ಜಾಸ್ತಿ. ವಾರಕ್ಕೊಮ್ಮೆ ಬ್ರೀಫಿಂಗ್‌ಗೆ ನೀವೇ ಹೋಗಿ, ಕೇಳಿ, ದಿನಾಂಕ ಹಾಕಿ ಬರೆದುಕೊಳ್ಳಿ. ಗಸ್ತಿಯವರು ಕಣ್ಣಾರೆ ಕಂಡಿದ್ದು ನಿಮ್ಮ ಡೇಟಾದಲ್ಲಿ ಇರೋದಿಲ್ಲ, ಅದೂ ಸಿಗುತ್ತದೆ.