ಪಂಪಿಂಗ್ ಸರಿಯಾಗಿದೆ, ಇನ್ನೂ ಮಾತ್ರೆ ಬೇಕಾ?

ಪ್ರಶ್ನೆ: ಮೇಡಂ, ನೀವು ಹಾರ್ಟ್ ಫೇಲ್ಯೂರ್ (ಹೃದಯದ ಪಂಪಿಂಗ್ ಸೋಲುವ ಕಾಯಿಲೆ) ಬಗ್ಗೆ ಸಂಶೋಧನೆ ಮಾಡುತ್ತೀರಿ ಅಂತ ಗೊತ್ತಾಯಿತು, ಅದಕ್ಕೇ ಕೇಳುತ್ತಿದ್ದೇನೆ. ಅಪ್ಪನಿಗೆ ಹೃದಯ ದೊಡ್ಡದಾಗಿದೆ, ಪಂಪಿಂಗ್ 30 ಮಾತ್ರ ಅಂದಿದ್ದರು. ಈಗಿನ ಎಕೋದಲ್ಲಿ 55 ಬಂದಿದೆ. ಮೆಟ್ಟಿಲು ಹತ್ತಿದರೂ ಏದುಸಿರು ಬರುವುದಿಲ್ಲ. ಹುಷಾರಾದ ಮೇಲೆ ಸುಮ್ನೆ ಇಷ್ಟೊಂದು ಮಾತ್ರೆ ಯಾಕೆ, ನಿಲ್ಲಿಸುತ್ತೇನೆ ಅಂತ ಹಠ ಹಿಡಿದಿದ್ದಾರೆ. ನಿಲ್ಲಿಸಬಹುದಾ?

ಉತ್ತರ: ದಯವಿಟ್ಟು ನಿಲ್ಲಿಸಲು ಬಿಡಬೇಡಿ. ಪಂಪಿಂಗ್, ಅಂದರೆ ಒಂದೊಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು, ಶೇ. 30ರಿಂದ 55ಕ್ಕೆ ಬಂದಿರುವುದು ನಿಜಕ್ಕೂ ಖುಷಿಯ ವಿಷಯ. ಆದರೆ ನಿಮ್ಮ ತಂದೆ ಕೇಳುತ್ತಿರುವುದನ್ನೇ ಲಂಡನ್ನಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಟ್ರೆಡ್-ಎಚ್‌ಎಫ್ ಅಂತ ಆ ಟ್ರಯಲ್‌ನ ಹೆಸರು, 2018ರಲ್ಲಿ ಫಲಿತಾಂಶ ಬಂತು. ಹೃದಯ ದೊಡ್ಡದಾಗಿ ಆಮೇಲೆ ಪಂಪಿಂಗ್ ಸುಧಾರಿಸಿದ್ದ, ಯಾವ ತೊಂದರೆಯೂ ಇಲ್ಲದ 51 ಜನರನ್ನು ತಗೊಂಡು, 25 ಜನರಿಗೆ ಮಾತ್ರೆಗಳನ್ನು ನಿಧಾನವಾಗಿ, ಡಾಕ್ಟರ ನಿಗಾದಲ್ಲೇ ನಿಲ್ಲಿಸಿದರು. ಆರು ತಿಂಗಳಲ್ಲಿ 11 ಜನರಿಗೆ ಕಾಯಿಲೆ ಮರಳಿತು. ಮಾತ್ರೆ ಮುಂದುವರಿಸಿದವರಲ್ಲಿ ಆ ಆರು ತಿಂಗಳು ಒಬ್ಬರಿಗೂ ಹಾಗಾಗಲಿಲ್ಲ. ಟ್ರಯಲ್ ಚಿಕ್ಕದು, ಆದರೂ ನನಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಯಾಕೆ ಹೀಗೆ? ಹೃದಯ ಸೋತಾಗ ದೇಹ ಅಡ್ರಿನಲಿನ್ ಥರದ ಹಾರ್ಮೋನುಗಳನ್ನು ಜಾಸ್ತಿ ಬಿಡುತ್ತದೆ, ಉಪ್ಪು ನೀರು ಹಿಡಿದಿಟ್ಟುಕೊಳ್ಳುತ್ತದೆ. ಸ್ವಲ್ಪ ದಿನಕ್ಕೆ ಅದು ಆಸರೆ, ತಿಂಗಳುಗಟ್ಟಲೆ ನಡೆದರೆ ಅದೇ ಹೃದಯದ ಮಾಂಸಖಂಡವನ್ನು ಹಾಳು ಮಾಡುತ್ತದೆ. ಮಾತ್ರೆಗಳು ತಡೆಯುತ್ತಿರುವುದು ಇದನ್ನೇ. ಎಕೋದಲ್ಲಿ ಕಂಡ 55 ಮಾತ್ರೆ ತಗೊಳ್ಳುತ್ತಿರುವ ಹೃದಯದ್ದು, ಅಲ್ವಾ?

ಪ್ರಶ್ನೆ: ಅರ್ಥವಾಯಿತು ಮೇಡಂ. ಇನ್ನೊಂದು ಸಂಶಯ. ಡಾಪಾಗ್ಲಿಫ್ಲೋಜಿನ್ ಅಂತ ಒಂದು ಮಾತ್ರೆ ಇದೆ, ಅದು ಶುಗರ್ ಮಾತ್ರೆ ಅಂತೆ. ಅಪ್ಪನಿಗೆ ಶುಗರ್ ಇಲ್ಲವೇ ಇಲ್ಲ.

ಉತ್ತರ: ತಪ್ಪಾಗಿ ಕೊಟ್ಟಿಲ್ಲ, ಹೆದರಬೇಡಿ. ಅದು ಶುಗರ್‌ಗೆ ಅಂತಲೇ ಬಂದ ಔಷಧಿ ಹೌದು. ಶುಗರ್ ಇದ್ದವರಲ್ಲಿ ಈ ಗುಂಪಿನ ಔಷಧಿಗಳನ್ನು ಪರೀಕ್ಷಿಸುವಾಗ ಹಾರ್ಟ್ ಫೇಲ್ಯೂರ್‌ನಿಂದ ಆಸ್ಪತ್ರೆ ಸೇರುವುದು ಕಡಿಮೆಯಾಗಿದ್ದು ಕಂಡಿತು. ಹಾಗಾದರೆ ಶುಗರ್ ಇಲ್ಲದವರಿಗೂ ಉಪಯೋಗ ಇದೆಯಾ ಅಂತ ಡಾಪಾ-ಎಚ್‌ಎಫ್ ಟ್ರಯಲ್‌ನಲ್ಲಿ 4744 ಜನರಲ್ಲಿ ನೋಡಿದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಶುಗರ್ ಇರಲಿಲ್ಲ. 2019ರಲ್ಲಿ ಬಂದ ಫಲಿತಾಂಶ: ಕಾಯಿಲೆ ಉಲ್ಬಣಿಸುವುದು ಅಥವಾ ಹೃದಯದ ಕಾರಣಕ್ಕೆ ಸಾವು, ಇವೆರಡೂ ಸೇರಿ ಶೇ. 26ರಷ್ಟು ಕಡಿಮೆ. ಶುಗರ್ ಇಲ್ಲದವರಿಗೂ ಹೆಚ್ಚುಕಡಿಮೆ ಅಷ್ಟೇ ಲಾಭ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಯಾವ ಮಾತ್ರೆಯನ್ನೂ ಕಡಿಮೆ ಮಾಡೋ ಹಾಗೇ ಇಲ್ವಾ?

ಉತ್ತರ: ಇದೆ. ಮೈಯಿಂದ ನೀರು ತೆಗೆಯುವ ಮಾತ್ರೆ, ಫ್ಯೂರೋಸೆಮೈಡ್ ಥರದ್ದು, ಊತಕ್ಕೆ ಮತ್ತು ಉಸಿರಾಟ ಹಗುರಾಗಲು ಕೊಡುವಂಥದ್ದು. ಊತ ಇಲ್ಲದಿದ್ದರೆ ಅದನ್ನು ಕಡಿಮೆ ಮಾಡಬಹುದಾ ಅಂತ ನಿಮ್ಮ ಡಾಕ್ಟರನ್ನು ಧೈರ್ಯವಾಗಿ ಕೇಳಿ. ಆಗ ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಿ. ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ನೀರು ತುಂಬುತ್ತಿದೆ ಅಂತ ತಿಳಿದು ಫೋನ್ ಮಾಡಿ, ಕಾಲು ಊದುವವರೆಗೂ ಕಾಯಬೇಡಿ. ಮಂಡಿ ನೋವು, ಬೆನ್ನು ನೋವು ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ಕೇಳದೆ ನುಂಗಬೇಡಿ, ಅವು ನೀರನ್ನು ಮೈಯಲ್ಲೇ ನಿಲ್ಲಿಸುತ್ತವೆ.